ಅರ್ಧಕ್ಕೆ ಇಳಿದ ಶಟರುಗಳು

"ಆ ದಿನ ಒಬ್ಬರ ಬಾಯಿಂದಾದರೂ 'ಅಯ್ಯೋ ಪಾಪ' ಅನ್ನೋ ಮಾತು ಬಂದರೆ, ನಾನು ನನ್ನ ಹೆಸರನ್ನೇ ಬದಲಾಯಿಸ್ಕೋತೀನಿ."

ವಿಶ್ವನಾಥ್ ಈ ಭೀಷಣ ಪ್ರತಿಜ್ಞೆಯನ್ನು ಮಾಡಿದ್ದು ಕೆಜಿಎಫ್‌ನ ಊರಿಗಾಂನಲ್ಲಿದ್ದ ತನ್ನ ಮನೆಯ ಅಡುಗೆಕೋಣೆಯಲ್ಲಿ, ಒಂದು ಕೈಯಲ್ಲಿ ಕಾಫಿ ಲೋಟವನ್ನೂ ಇನ್ನೊಂದು ಕೈಯಲ್ಲಿ ಬಿಳಿ ಟೀ ಶರ್ಟನ್ನೂ ಹಿಡಿದುಕೊಂಡು. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಅರುಣಕುಮಾರಿ ತಲೆ ಎತ್ತಲಿಲ್ಲ. ಯುಗಾದಿಗೆಂದು ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬಂದಿದ್ದ ಅತ್ತೆ ಸುಬ್ಬಲಕ್ಷ್ಮಮ್ಮ ಮಾತ್ರ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಅಳಿಯನ ಕಡೆ ನೋಡಿದರು.

"ಏನಂತ ಇಟ್ಕಂತೀರ ಅಳಿಯಂದ್ರೆ? ಈಗ್ಲೇ ಏಳ್ಬುಟ್ರೆ ಕೂಗಿ ಅಭ್ಯಾಸ ಮಾಡ್ಕಂತೀನಿ."

ಪ್ರತಿಜ್ಞೆಗೆ ಕಾರಣವಿಲ್ಲದೆ ಇರಲಿಲ್ಲ. ಮಗಳು ಸೌಂದರ್ಯಾ ಹುಟ್ಟಿ ಇಪ್ಪತ್ತೊಂದು ವರ್ಷವಾಗಿತ್ತು. ಅವಳಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಡಾಕ್ಟರು ಹೇಳಿದ ದಿನದಿಂದ, ತೊಟ್ಟಿಲು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗಿದ್ದರು. ಕೆಜಿಎಫ್‌ನಲ್ಲಿ ಒಂದು ಜಗಳ ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಬೆಳೆದು ತೆಲುಗಿನಲ್ಲಿ ರಾಜಿಯಾಗುವುದುಂಟು. ಸೌಂದರ್ಯಾಳ ವಿಷಯದಲ್ಲಿ ಮಾತ್ರ ಮೂರು ಭಾಷೆಗೂ ಮೊದಲಿನಿಂದಲೇ ಒಮ್ಮತವಿತ್ತು. ಪಾಪ, ಪಾವಂ, ಪಾಪಂ. ಮಗಳನ್ನು ತರಬೇತಿ ಕೇಂದ್ರಕ್ಕೆಂದು ರೈಲಿನಲ್ಲಿ ಬಂಗಾರಪೇಟೆಗೆ ಕರೆದುಕೊಂಡು ಹೋಗುವಾಗ ಅರುಣಕುಮಾರಿ ಯಾವಾಗಲೂ ಕಿಟಕಿಯ ಪಕ್ಕವೇ ಕೂರುತ್ತಿದ್ದಳು. ಗಾಳಿಯ ಸದ್ದಿಗೆ ಆ ಮಾತು ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಆ ಕೇಂದ್ರದ ಮಕ್ಕಳ ಹೆತ್ತವರೆಲ್ಲ ಸೇರಿ ಮಾರ್ಚ್ ಇಪ್ಪತ್ತೊಂದರ ಡೌನ್ ಸಿಂಡ್ರೋಮ್ ದಿನಕ್ಕೆ ಆಂಡರ್ಸನ್‌ಪೇಟೆಯಲ್ಲಿ ಜಾಥಾ ಮಾಡುವುದೆಂದು ತೀರ್ಮಾನವಾಯಿತು. ಮಕ್ಕಳ ಬಗ್ಗೆ ಊರಿಗೆ ತಿಳಿಯಬೇಕು, ಕೇಂದ್ರದಲ್ಲಿ ಮಾತಿನ ತರಬೇತಿಗೊಂದು ಕೋಣೆ ಕಟ್ಟಲು ಒಂದಿಷ್ಟು ದೇಣಿಗೆಯೂ ಕೂಡಬೇಕು. ಸೌಂದರ್ಯಾ ಆಗಲೇ ಬೀದಿಯವರಿಗೆಲ್ಲ ಹೇಳಿ ಬಂದಿದ್ದಳು. "ನಾನ್ ನಡೀತೀನಿ. ಮೈದಾನದ್ ತನಕ. ನೀವೂ ಬನ್ನಿ."

ಅರುಣಕುಮಾರಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ನೋಡಿ, ಅವಳು ಆಸೆ ಪಟ್ಟಿದಾಳೆ ಅಂತ ಬರ್ತೀನಿ. ಒಂದೇ ಒಂದು ಅಯ್ಯೋ ಪಾಪ ನನ್ ಕಿವಿಗೆ ಬಿದ್ರೂ ಅಲ್ಲಿಂದ್ಲೇ ಅವಳನ್ನ ಆಟೋ ಹತ್ತಿಸ್ಕೊಂಡು ಬಂದ್ಬಿಡ್ತೀನಿ. ಆಮೇಲೆ ಯಾವತ್ತೂ ಇಂಥದಕ್ಕೆ ನಮ್ಮನ್ನ ಕರೀಬೇಡಿ."

ಹಾಗಾಗಿ ವಿಶ್ವನಾಥ್ ಜಾಥಾದ ಸಕಲ ವ್ಯವಸ್ಥೆಯನ್ನೂ ತಾನೇ ವಹಿಸಿಕೊಂಡ. ಅವನು ಕಾರ್ಖಾನೆಯ ಪ್ಲಾನಿಂಗ್ ವಿಭಾಗದವನು. ಅಲ್ಲಿ ಅವನು ಹೇಳಿದ್ದನ್ನು ಕೆಳಗಿನವರು ಎದುರು ಪ್ರಶ್ನೆ ಕೇಳದೆ ಮಾಡುತ್ತಾರೆ. ಆ ಅಭ್ಯಾಸವನ್ನು ಅವನು ದಿನಾ ಸಂಜೆ ಟಿಫನ್ ಕ್ಯಾರಿಯರಿನ ಜೊತೆಗೆ ಮನೆಗೂ ತರುತ್ತಿದ್ದ.

ಅವನ ಯೋಜನೆಯ ತಳಹದಿ ಗಾಂಭೀರ್ಯ. ಗಾಂಭೀರ್ಯವಿದ್ದ ಕಡೆ ಕನಿಕರ ಕಾಲಿಡಲಾರದು ಎಂಬುದು ಅವನ ಸಿದ್ಧಾಂತ. ಅದಕ್ಕೇ ಎಲ್ಲರಿಗೂ ಅಚ್ಚ ಬಿಳಿಯ ಟೀ ಶರ್ಟು. ಎಲ್ಲರಿಗಿಂತ ಮುಂದೆ ಒಂದು ಟೆಂಪೋ, ಅದರ ಮೇಲೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಸೌಂದರ್ಯಾಳ ನಗುಮುಖ. ಕೆಳಗೆ ಅವನೇ ವಾರಗಟ್ಟಲೆ ತಿದ್ದಿ ತೀಡಿ ಬರೆದ ಘೋಷಣೆ: 'ನಮಗೂ ಮಾತಿದೆ. ಕೇಳಿ.' ಕಾಲುಚೀಲ ಒಂದು ಮಾತ್ರ ಅವನ ಗಾಂಭೀರ್ಯಕ್ಕೆ ಹೊಂದಲಿಲ್ಲ. ಈ ದಿನ ಒಂದಕ್ಕೊಂದು ಜೊತೆಯಲ್ಲದ ಬಣ್ಣದ ಕಾಲುಚೀಲ ಹಾಕುವುದು ಎಲ್ಲ ಕಡೆಯ ರೂಢಿ ಎಂದು ಕೇಂದ್ರದ ಕಲ್ಪನ ಟೀಚರ್ ಪಟ್ಟು ಹಿಡಿದಿದ್ದರು. ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಳದಿ ಏರಿಸಿ ನಿಂತ ಅಳಿಯನನ್ನು ನೋಡಿ ಸುಬ್ಬಲಕ್ಷ್ಮಮ್ಮ, "ಕತ್ತಲಾಗೆ ಉಡುಕಿದ್ರಾ?" ಎಂದು ಕೇಳಿದ್ದರು.

ಎಲ್ಲ ಸರಿಯಿತ್ತು. ಜಾಥಾದ ಹಿಂದಿನ ಸಂಜೆ, ಪರೀಕ್ಷೆಯಿದೆ ಎಂದು, ಬಾರಿಸಲು ಒಪ್ಪಿದ್ದ ಶಾಲೆಯ ಬ್ಯಾಂಡಿನ ಮಕ್ಕಳು ಕೈಕೊಟ್ಟರು. ಪ್ಲಾನಿಂಗ್ ವಿಭಾಗ ವಿಚಲಿತವಾಗಲಿಲ್ಲ. ಯಾರೋ ಕೊಟ್ಟ ನಂಬರಿಗೆ, ತಮಟೆ ಮೇಳದ ಮುನಿಸ್ವಾಮಪ್ಪನಿಗೆ, ಫೋನು ಹೋಯಿತು.

"ನಾಳೆ ಬೆಳಿಗ್ಗೆ ಆಂಡರ್ಸನ್‌ಪೇಟೇಲಿ ಒಂದು ಮೆರವಣಿಗೆ ಇದೆ. ನಿಮ್ಮ ಮೇಳ ಬೇಕು."

"ಆಗ್ಲಿ ಸಾರ್. ಏನ್ ಇಸ್ಯ?"

"ನನ್ನ ಮಗಳದು."

"ಮದ್ವೆ ಮೆರವಣಿಗೆನಾ ಸಾರ್?"

"ಮದುವೆ ಎಲ್ಲಿ ಬಂತು. ಹೇಳೋದನ್ನ ಪೂರ್ತಿ ಕೇಳಿ. ಕುಣಿಯೋ ಏಟು ಬೇಡ. ನಿಧಾನಕ್ಕೆ, ಗಂಭೀರವಾಗಿ ಇರಬೇಕು. ಮುಂದೆ ಗಾಡಿ ಮೇಲೆ ಮಗಳ ಫೋಟೋ ಇರುತ್ತೆ. ಹಿಂದೆ ನಾವೆಲ್ಲ ಬಿಳಿ ಬಟ್ಟೇಲಿ ನಡೀತೀವಿ."

ಆ ಕಡೆಯ ದನಿ ತಗ್ಗಿತು.

"ಎಷ್ಟ್ ವಯಸ್ಸು ಸಾರ್?"

"ಇಪ್ಪತ್ತೊಂದು."

"ಅಯ್ಯಯ್ಯೋ..."

"ಆ ಅಯ್ಯೋ ಎಲ್ಲ ಬೇಡ. ಅದನ್ನ ನಿಲ್ಸೋಕೇ ಇಷ್ಟೆಲ್ಲ ಮಾಡ್ತಿರೋದು."

"ಸರಿ ಸಾರ್, ಸರಿ. ಧೈರ್ಯವಾಗಿರಿ. ಊವೂ ನಾವೇ ತತ್ತೀವಿ. ದುಡ್ಡಿನ ಮಾತು ಈಗ ಬ್ಯಾಡ ಸಾರ್."

ಫೋನಿಟ್ಟ ವಿಶ್ವನಾಥನ ಮುಖ ಅರಳಿತ್ತು. "ಕೇಳಿದ್ಯಾ ಅರುಣಾ? ಹೂವೂ ಅವರೇ ತರ್ತಾರಂತೆ. ಧೈರ್ಯವಾಗಿರಿ ಅಂದ್ರು. ನೀನು ಸುಮ್ನೆ ಹೆದರ್ತೀಯ. ಜನ ಬದಲಾಗಿದ್ದಾರೆ."

ಬೆಳಿಗ್ಗೆ ಬೂದು ಬಣ್ಣದ ಗಣಿ ದಿಬ್ಬಗಳ ಮೇಲೆ ಬಿಸಿಲು ಇನ್ನೂ ಎಳೆಯದಾಗಿತ್ತು. ಮೊಣಕಾಲು ನೋವೆಂದು ಸುಬ್ಬಲಕ್ಷ್ಮಮ್ಮ ಮನೆಯಲ್ಲೇ ಉಳಿದರು. ಆಂಡರ್ಸನ್‌ಪೇಟೆಯ ಬಸ್ ನಿಲ್ದಾಣದ ಹತ್ತಿರ ಬಿಳಿ ಟೀ ಶರ್ಟಿನ ಕುಟುಂಬಗಳು ಸೇರಿದವು. ಮುನಿಸ್ವಾಮಪ್ಪ ತನ್ನ ಮೇಳದೊಂದಿಗೆ ಬಂದವನು ಮೊದಲು ಟೆಂಪೋ ಹತ್ತಿ ಫ್ಲೆಕ್ಸಿಗೊಂದು ದಪ್ಪ ಚೆಂಡುಹೂವಿನ ಹಾರ ಹಾಕಿದ. ಕೈ ಮುಗಿದು ಕಣ್ಣು ಮುಚ್ಚಿ ನಿಂತ. ಇಳಿದು ಬಂದು ವಿಶ್ವನಾಥನ ಎರಡೂ ಕೈ ಹಿಡಿದುಕೊಂಡ. ಒಬ್ಬ ತಮಟೆಯವನಿಗೆ ಸಮಾಜದ ಬಗ್ಗೆ ಇಷ್ಟು ಕಾಳಜಿಯೇ ಎಂದು ವಿಶ್ವನಾಥ್ ಆ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದ.

ಸೌಂದರ್ಯಾ ಆಗ ಟೆಂಪೋದ ಹಿಂದೆ, ಕಲ್ಪನ ಟೀಚರ್ ಪಕ್ಕದಲ್ಲಿ, ಮಿಕ್ಕ ಮಕ್ಕಳ ಕಾಲುಚೀಲ ಪರೀಕ್ಷೆ ಮಾಡುತ್ತಿದ್ದಳು. ಅರುಣಕುಮಾರಿ ದೇಣಿಗೆಯ ಡಬ್ಬಿ ಹಿಡಿದು ಕೊನೆಯ ಸಾಲಿನಲ್ಲಿದ್ದಳು. ಟೆಂಪೋದ ಮುಂದಿದ್ದ ಮೇಳದವರಿಗೆ ಇವರಾರೂ ಕಾಣುವಂತಿರಲಿಲ್ಲ.

ತಮಟೆ ಶುರುವಾಯಿತು. ಒಂದು ಏಟು, ಬಿಡುವು, ಮತ್ತೆರಡು ಏಟು. ಊರಿಗಾಂನ ಮನೆಯ ಜಗಲಿಯ ಮೇಲೆ ಕೂತು, ಎದುರಿನ ರಸ್ತೆಯಲ್ಲಿ ಹೋಗುವ ಮದುವೆ, ದೇವರು, ಹೆಣ ಎಲ್ಲವನ್ನೂ ವರ್ಷಗಳಿಂದ ನೋಡುತ್ತ ಬಂದವಳು ಸೌಂದರ್ಯಾ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಓಡಿ ಬಂದು ಅಪ್ಪನ ತೋಳು ಎಳೆದಳು.

"ಅಪ್ಪಾ, ಈ ಏಟು ಬೇಡ. ಇದು ಮಲಗಿರೋರ್ಗೆ ಹೊಡಿಯೋದು."

"ಮಲಗಿರೋ ಜನರನ್ನ ಎಬ್ಬಿಸೋಕೇ ಕಣಮ್ಮ ಈ ಜಾಥಾ. ಹೋಗು, ಸಾಲಲ್ಲಿ ನಡಿ."

ಆಂಡರ್ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ಒಂದು ರೂಢಿಯಿದೆ. ಹೆಣ ಹಾದುಹೋಗುವಾಗ ಅಂಗಡಿಯವರು ಶಟರನ್ನು ಅರ್ಧಕ್ಕೆ ಇಳಿಸಿ ಎದ್ದು ನಿಲ್ಲುತ್ತಾರೆ. ದಾಟಿದ ಮೇಲೆ ನೀರು ಚಿಮುಕಿಸಿ ಮತ್ತೆ ಮೇಲೆತ್ತುತ್ತಾರೆ. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಸಂಜೆ ಬರುವ ವಿಶ್ವನಾಥನಿಗೆ ಹಗಲು ಹೊತ್ತಿನ ಈ ಬೀದಿಯ ಪರಿಚಯ ಕಡಿಮೆ. ತಮಟೆಯ ಹಿಂದೆ ಹಾರ ಹಾಕಿದ ಫೋಟೋ, ಅದರ ಹಿಂದೆ ಬಿಳಿ ಬಟ್ಟೆಯ ಜನ, ಮೇಳದವರು ದಾರಿಯುದ್ದಕ್ಕೂ ಎರಚುವ ಹೂವು. ಗಡಗಡ ಎಂದು ಒಂದೊಂದೇ ಶಟರು ಇಳಿಯತೊಡಗಿತು.

"ಅಪ್ಪಾ, ಅಂಗಡಿ ಮುಚ್ತಿದಾರೆ."

"ನಮಗೆ ಮರ್ಯಾದೆ ಕೊಡ್ತಿದಾರಮ್ಮ."

"ಅಪ್ಪಾ, ಕೇಳು ಇಲ್ಲಿ."

"ಆಮೇಲೆ, ಆಮೇಲೆ." ತಲೆಯ ಮೇಲೆ 'ನಮಗೂ ಮಾತಿದೆ. ಕೇಳಿ.' ಎಂಬ ಫ್ಲೆಕ್ಸು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ಕರ್ತೃ ಶಿಳ್ಳೆ ಊದುತ್ತ ಮುಂದಕ್ಕೆ ಓಡಿದ.

ಜೇಬಿನಲ್ಲಿ ಫೋನು ಗುರುಗುಟ್ಟುತ್ತಲೇ ಇತ್ತು. ಅಭಿನಂದನೆಗಳಿರಬೇಕು, ನಿಧಾನವಾಗಿ ಓದಿದರಾಯಿತು ಎಂದುಕೊಂಡ. ಹೋಟೆಲಿನ ಮುಂದೆ ನಿಂತಿದ್ದ ಹಿರಿಯರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿದರು.

"ಎಲ್ಲಿಗ್ ಸಾರ್, ಕಾಡಿಗಾ?"

"ಕಾಡಿಗ್ಯಾಕೆ? ಶಾಲೆ ಮೈದಾನಕ್ಕೆ. ಅಲ್ಲಿ ಭಾಷಣ, ಆಮೇಲೆ ಬೋಂಡ, ಕಾಫಿ."

ಸುಡುಗಾಡನ್ನು ಕಾಡೆಂದೇ ಕರೆದು ರೂಢಿಯಿದ್ದ ಹಿರಿಯರು ಅವನನ್ನೇ ನೋಡಿ, ದುಃಖ ತಲೆಗೆ ಏರಿದೆ ಎಂದುಕೊಂಡವರಂತೆ ಬೆನ್ನು ಸವರಿ ಹಿಂದೆ ಸರಿದರು.

ಕೊನೆಯ ಸಾಲಿನಲ್ಲಿ ಡಬ್ಬಿ ಚೆನ್ನಾಗಿಯೇ ತುಂಬುತ್ತಿತ್ತು. ಆದರೆ ಹಾಕಿದವರೆಲ್ಲ ತಲೆ ತಗ್ಗಿಸಿ ಹಾಕಿ, ಅದೇ ಮಾತನ್ನು ಹೇಳಿ ಹೋಗುತ್ತಿದ್ದರು. ಬಲಗಡೆಯ ಅಂಗಡಿಯಿಂದ ಅಯ್ಯೋ ಪಾಪ. ಎಡಗಡೆಯಿಂದ ಅಯ್ಯೋ ಪಾವಂ. ಮಹಡಿಯ ಮೇಲಿಂದ ಅಯ್ಯೋ ಪಾಪಂ. ಇಲ್ಲಿ ಕಿಟಕಿಯೂ ಇರಲಿಲ್ಲ, ರೈಲಿನ ಗಾಳಿಯೂ ಇರಲಿಲ್ಲ. ಅರುಣಕುಮಾರಿಯ ಕಣ್ಣು ಖಾಲಿ ಆಟೋ ಹುಡುಕತೊಡಗಿತು.

ನಾಲ್ಕು ದಾರಿ ಕೂಡುವಲ್ಲಿ ಹೂವಿನ ಕನಕಮ್ಮ ಕೂರುತ್ತಾಳೆ. ಪ್ರತಿ ಶುಕ್ರವಾರ ಸೌಂದರ್ಯಾ ಅಮ್ಮನ ಜೊತೆ ಅವಳ ಬಳಿ ಹೂವು ಕೊಳ್ಳುತ್ತಾಳೆ. ತಮಟೆಯ ಸದ್ದಿಗೆ ಎದ್ದು ನಿಂತ ಕನಕಮ್ಮ ಫೋಟೋ ನೋಡಿದಳು. ಕೈಯಲ್ಲಿದ್ದ ಹೂವಿನ ಮೊಳ ನೆಲಕ್ಕೆ ಬಿತ್ತು. ನೇರ ಬಂದು ಟೆಂಪೋದ ಮುಂದೆ ಕುಸಿದು ಕೂತು ಎದೆ ಬಡಿದುಕೊಂಡಳು.

"ಅಯ್ಯೋ ನನ್ ಕಣ್ಣೇ, ನಿನ್ನೆ ತಾನೇ ಕನಕಾಂಬ್ರ ಇಸ್ಕಂಡ್ ಓದ್ಯಲ್ಲೇ ತಾಯಿ. ನಾಳೀಕೆ ಮಲ್ಲಿಗೆ ಎತ್ತಿಡು ಅಂದ್ಯಲ್ಲೇ."

ಮೆರವಣಿಗೆ ನಿಂತಿತು. ಟೆಂಪೋದ ಹಿಂದಿನಿಂದ ಒಂದು ತಲೆ ಹೊರಗೆ ಬಂತು.

"ಎತ್ತಿಟ್ಟಿದೀಯಾ ಕನಕಕ್ಕಾ?"

ಕನಕಮ್ಮ ಫೋಟೋ ನೋಡಿದಳು. ಸೌಂದರ್ಯಾಳನ್ನು ನೋಡಿದಳು. ಮತ್ತೆ ಫೋಟೋದ ಮೇಲಿನ ಹಾರ ನೋಡಿದಳು. ಎದ್ದು ಬಂದು ಹುಡುಗಿಯ ಎರಡೂ ಕೆನ್ನೆ ಮುಟ್ಟಿದಳು, ಭುಜ ಮುಟ್ಟಿದಳು, ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ವಿಶ್ವನಾಥನ ಕಡೆ ತಿರುಗಿದಳು.

"ಬುದ್ಧಿ ಐತಾ ಸಾರ್ ನಿಮ್ಗೆ? ಬದ್ಕಿರೋ ಮಗೀಗೆ ಸಾವ್ ಮೇಳ ಕಟ್ಟಿಸ್ಕಂಡ್ ಬಂದಿದೀರಲ್ಲ."

ತಮಟೆಯ ಮೇಲಿದ್ದ ಕಡ್ಡಿಗಳೆಲ್ಲ ಗಾಳಿಯಲ್ಲೇ ನಿಂತವು. ಮುನಿಸ್ವಾಮಪ್ಪನ ಬಾಯಿ ತೆರೆದಿತ್ತು.

"ಸಾರ್... ವಯಸ್ಸಾದೋರ್ಗಾದ್ರೆ ಕುಣಿಯೋ ಏಟು, ಚಿಕ್ಕೋರ್ಗೆ ನಿಧಾನದ್ದು. ನೀವೇ ಕುಣಿಯೋದ್ ಬ್ಯಾಡ ಅಂದ್ರಿ. ಫೋಟೋ ಅಂದ್ರಿ. ಬಿಳಿ ಬಟ್ಟೆ ಅಂದ್ರಿ. ಮಗಳದು ಅಂದ್ರಿ."

ಪ್ಲಾನಿಂಗ್ ವಿಭಾಗಕ್ಕೆ ತನ್ನ ಯೋಜನೆಯ ಪೂರ್ಣ ಸೌಂದರ್ಯ ಆಗ ಒಟ್ಟಿಗೇ ಕಾಣಿಸಿತು. ಬೀದಿಯ ಎರಡೂ ಬದಿಗೆ ಅರ್ಧಕ್ಕೆ ಇಳಿದ ಶಟರುಗಳು. ಅವುಗಳ ಕೆಳಗೆ ಸಾಲಾಗಿ ನಿಂತ ಕಾಲುಗಳು. ನೆಲದ ತುಂಬ ಹೂವು. ಅವನು ಜೇಬಿಗೆ ಕೈಹಾಕಿ ಫೋನು ತೆಗೆದ. ಕಾರ್ಖಾನೆಯ ಗ್ರೂಪಿನಲ್ಲಿ ಸಹೋದ್ಯೋಗಿ ಶಶಿಧರ್ ಮೆರವಣಿಗೆಯ ಫೋಟೋ ಹಾಕಿದ್ದ. ಅದರ ಕೆಳಗೆ ಓಂ ಶಾಂತಿ, ಓಂ ಶಾಂತಿ, ಓಂ ಶಾಂತಿ. ಮೇಲಧಿಕಾರಿ ವೆಂಕಟರಾಯಪ್ಪನವರು ಕೇಳದೆಯೇ ರಜೆ ಮಂಜೂರು ಮಾಡಿದ್ದರು.

ಹಿಂದಿನ ಸಾಲಿನಿಂದ ಅರುಣಕುಮಾರಿ ಬಂದಳು. ಡಬ್ಬಿಯನ್ನು ಗಂಡನ ಕೈಗಿಟ್ಟಳು. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಡಿ ಸೌಂದೂ, ಮನೆಗೆ ಹೋಗಣ."

ಕೈ ಅಡ್ಡ ಮಾಡಿದ್ದಕ್ಕೆ ಆಟೋ ಒಂದು ಬಂದು ನಿಂತಿತು. ಬಿಳಿ ಟೀ ಶರ್ಟಿನ ಜನ ಏನು ಮಾಡಬೇಕೋ ತಿಳಿಯದೆ ನಿಂತರು. ಕಲ್ಪನ ಟೀಚರ್ ಸಣ್ಣ ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು. ಇಂದು ಇವರಿಬ್ಬರು ಆಟೋ ಹತ್ತಿದರೆ ಮತ್ತೆ ಯಾವತ್ತೂ ಇಂಥ ಬೀದಿಗೆ ಇಳಿಯುವುದಿಲ್ಲ ಎಂದು ವಿಶ್ವನಾಥನಿಗೆ ಗೊತ್ತಿತ್ತು.

"ನಾನ್ ಬರಲ್ಲ," ಎಂದಳು ಸೌಂದರ್ಯಾ.

"ಹಠ ಮಾಡ್ಬೇಡ."

"ಮೈದಾನ ಇನ್ನೂ ಬಂದಿಲ್ಲ ಅಮ್ಮಾ."

ಅಮ್ಮನ ಕೈ ಬಿಡಿಸಿಕೊಂಡು ಅವಳು ಪಕ್ಕದ ದಿನಸಿ ಅಂಗಡಿಗೆ ನಡೆದಳು. ಒಂದು ಕಾಲಿನಲ್ಲಿ ಹಸಿರು, ಇನ್ನೊಂದರಲ್ಲಿ ನೇರಳೆ. ಬಗ್ಗಿ, ಅರ್ಧ ಇಳಿದ ಶಟರಿನ ಕೆಳಗೆ ಇಣುಕಿದಳು. ಒಳಗೆ ಅಂಗಡಿಯ ಅಶ್ವತ್ಥಪ್ಪ ಕೈಕಟ್ಟಿ ನಿಂತಿದ್ದ.

"ಅಂಕಲ್, ಮೇಲೆ ಎತ್ತಿ. ನಾನ್ ಹೋಗಿಲ್ಲ. ಇಲ್ಲೇ ಇದೀನಿ."

ಗಡಗಡ ಎಂದು ಶಟರು ಮೇಲಕ್ಕೆ ಹೋಯಿತು. ಅಶ್ವತ್ಥಪ್ಪ ಫ್ಲೆಕ್ಸಿನ ಕಡೆ ನೋಡಿ, ಇವಳನ್ನು ನೋಡಿ, ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ಉಸಿರು ಬಿಟ್ಟ.

"ಸದ್ಯ ಕಣಮ್ಮ. ಇದೀಯಲ್ಲ."

ಅವಳು ಕೈ ಚಾಚಿದಳು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಆಮೇಲೆ ಪಕ್ಕದ ಅಂಗಡಿ, ಅದರ ಪಕ್ಕದ್ದು. ಒಂದೊಂದು ಶಟರನ್ನೂ ಅಂಗೈಯಿಂದ ಬಡಿದು, ಬಗ್ಗಿ, ಅದೇ ಮಾತು ಹೇಳುತ್ತ ಹೋದಳು. ಒಂದೊಂದೇ ಮೇಲಕ್ಕೆದ್ದಿತು. ಒಳಗಿಂದ ಬಂದ ಮುಖಗಳೆಲ್ಲ ಮೊದಲು ಬೆಚ್ಚಿ, ಆಮೇಲೆ ಹಗುರಾಗಿ, ನಗುತ್ತಿದ್ದವು. ಸದ್ಯ, ಇದಾಳೆ. ಸದ್ಯ, ಏನೂ ಆಗಿಲ್ಲ. ಬೇರೆ ಬೇರೆ ಭಾಷೆಯಲ್ಲಿ, ಅದೇ ಮಾತು.

ಅರುಣಕುಮಾರಿ ಆಟೋದ ಕಂಬಿ ಹಿಡಿದು ನಿಂತೇ ಇದ್ದಳು. ಇಪ್ಪತ್ತೊಂದು ವರ್ಷದ ಹಿಂದೆ ತೊಟ್ಟಿಲಿನೊಳಗೆ ಬಗ್ಗಿ ನೋಡಿದ ಯಾರೊಬ್ಬರೂ ಈ ಮಾತನ್ನು ಹೇಳಿರಲಿಲ್ಲ. ಸದ್ಯ, ಬಂದಳಲ್ಲ ಎಂದು.

"ಹತ್ತೀರಾ ಅಕ್ಕಾ?" ಎಂದು ಆಟೋದವನು ಕೇಳಿದ.

"ಇಲ್ಲ, ನೀವ್ ಹೋಗಿ," ಎಂದಳು ಅವಳು. "ನಾವು ನಡೀತಿದೀವಿ."

ಸೌಂದರ್ಯಾ ತಿರುಗಿ ಬಂದು ಮೇಳದ ಮುಂದೆ ನಿಂತಳು. "ತಾತಾ, ಇನ್ನೊಂದ್ ಏಟು ಹೊಡಿ. ಎದ್ದಿರೋರ್ದು."

ಮುನಿಸ್ವಾಮಪ್ಪ ಕಣ್ಣೊರೆಸಿಕೊಂಡ. ತಮಟೆಯನ್ನು ಎತ್ತಿ ಹಿಡಿದು ಎಂಥ ಏಟು ಕೊಟ್ಟನೆಂದರೆ ದೀಪದ ಕಂಬದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಕನಕಮ್ಮ ಫ್ಲೆಕ್ಸಿನ ಹಾರ ಕಿತ್ತೆಸೆದು, ಎತ್ತಿಟ್ಟಿದ್ದ ಮಲ್ಲಿಗೆಯನ್ನು ಸೌಂದರ್ಯಾಳ ಜಡೆಗೆ ಮುಡಿಸಿದಳು. ಗಾಂಭೀರ್ಯ ಆ ಕ್ಷಣವೇ ಜಾಥಾಕ್ಕೆ ರಾಜೀನಾಮೆ ಕೊಟ್ಟಿತು. ಟೆಂಪೋ ಹಿಂದಾಯಿತು, ಮಕ್ಕಳು ಮುಂದಾದರು. ಅಂಗಡಿ ಬಿಟ್ಟು ಬಂದ ಅಶ್ವತ್ಥಪ್ಪನೂ ಕುಣಿದ. ಅತ್ತ ಕಡೆ, ಇತ್ತ ಕಡೆ ಯಾವ ಅಂಗಡಿಯ ಮುಂದೆ ಕೈ ಕುಲುಕುವುದು ಬಾಕಿಯಿದ್ದರೂ ಸೌಂದರ್ಯಾ ಮುಂದೆ ಹೋಗಲು ಒಪ್ಪುತ್ತಿರಲಿಲ್ಲ. ಅವರು ಮೈದಾನ ತಲುಪುವಾಗ ಬೋಂಡ ಆರಿ ತಣ್ಣಗಾಗಿತ್ತು.

ಭಾಷಣಕ್ಕೆಂದು ವಿಶ್ವನಾಥ್ ಮೈಕಿನ ಮುಂದೆ ನಿಂತು ಕಾಗದ ಬಿಚ್ಚುವಷ್ಟರಲ್ಲಿ ಮಗಳು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು. "ನಾನು ಸೌಂದರ್ಯಾ. ನಾನ್ ಸತ್ತಿಲ್ಲ. ಎಲ್ಲಾರೂ ಬೋಂಡ ತಿನ್ನಿ." ಕೆಜಿಎಫ್‌ನ ಮೈದಾನಗಳಲ್ಲಿ ಅಷ್ಟು ಚಿಕ್ಕ ಭಾಷಣವೂ ಅಷ್ಟು ದೊಡ್ಡ ಚಪ್ಪಾಳೆಯೂ ಒಟ್ಟಿಗೆ ಎಂದೂ ಆಗಿರಲಾರದು.

ಆದರೆ ಓಂ ಶಾಂತಿಯ ವೇಗ ದೊಡ್ಡದು. ಮನೆಗೆ ಬಂದಾಗ ಜಗಲಿಯ ತುಂಬ ಚಪ್ಪಲಿಗಳಿದ್ದವು. ಕಾರ್ಖಾನೆಯವರು, ಅಕ್ಕಪಕ್ಕದ ಬೀದಿಯವರು, ಕೈಯಲ್ಲಿ ಹಾರ, ಹಣ್ಣು. ಒಳಗೆ ಸುಬ್ಬಲಕ್ಷ್ಮಮ್ಮ ಒಬ್ಬರೇ ಎಲ್ಲರನ್ನೂ ಎದುರಿಸುತ್ತಿದ್ದರು.

"ಬೆಳಿಗ್ಗೆ ನನ್ ಪಾಲಿಂದೂ ಸೇರ್ಸಿ ಇಡ್ಲಿ ತಿಂದ್ ಓದ್ಲು, ಅದ್ಯಾವಾಗ್ ಸತ್ಲು? ಏಳಿ ನೋಡಾನ. ಯಾರಪ್ಪಾ ನಿಮ್ಗೆ ಏಳಿದ್ದು?"

ಅಷ್ಟರಲ್ಲಿ ಸೌಂದರ್ಯಾ ಹೊಸ್ತಿಲಲ್ಲಿ ನಿಂತು, "ನಾನ್ ಬಂದೆ. ಕೂತ್ಕೊಳ್ಳಿ, ಅಮ್ಮ ಕಾಫಿ ಮಾಡ್ತಾಳೆ," ಎಂದಳು. ಶಶಿಧರ್ ತನ್ನ ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಮರೆಮಾಡಿದ. ಆ ದಿನ ಸಂಜೆಯವರೆಗೂ ಆ ಮನೆಯಲ್ಲಿ ಕಾಫಿ ಆಯಿತು, ನಗು ಆಯಿತು. ಬಂದವರೆಲ್ಲ ಸೌಂದರ್ಯಾಳೊಡನೆ ಕೂತು ಮಾತಾಡಿದರು. ಇಷ್ಟು ವರ್ಷ ಅವಳ ವಿಷಯ ಮಾತಾಡಿದವರಿದ್ದರು, ಅವಳೊಡನೆ ಮಾತಾಡಿದವರು ಕಡಿಮೆ. ಅಡುಗೆಮನೆಯಿಂದ ಅರುಣಕುಮಾರಿ ಅದನ್ನೇ ಕೇಳುತ್ತ ಹಾಲು ಉಕ್ಕಿದ್ದನ್ನೂ ಗಮನಿಸಲಿಲ್ಲ.

ಬಂದವರೆಲ್ಲ ಹೋದ ಮೇಲೆ ವಿಶ್ವನಾಥ್ ಜಗಲಿಯ ತನ್ನ ಬೆತ್ತದ ಕುರ್ಚಿಯಲ್ಲಿ ಕುಸಿದ.

"ಅಳಿಯಂದ್ರೆ, ಎಸ್ರು ಏನಂತ ಇಟ್ಕಂಡ್ರಿ?" ಎಂದು ಒಳಗಿನಿಂದ ಕೇಳಿಬಂತು. ಅವನು ಮಾನ ಉಳಿಸಿಕೊಳ್ಳಲು ಉಳಿದದ್ದು ಒಂದೇ ದಾರಿ ಎಂದುಕೊಂಡು ಎದ್ದು, ಸುತ್ತಿಟ್ಟಿದ್ದ ಫ್ಲೆಕ್ಸನ್ನು ಬಿಚ್ಚಿ, ಜಗಲಿಯ ಕಂಬಿಗೆ ಕಟ್ಟಲು ಶುರುಮಾಡಿದ. ಕನಿಷ್ಠ ರಸ್ತೆಯಲ್ಲಿ ಹೋಗುವವರಾದರೂ ಓದಲಿ. ಸೌಂದರ್ಯಾ ಬಂದು ಇನ್ನೊಂದು ತುದಿ ಹಿಡಿದ ಮೇಲೆ ಫ್ಲೆಕ್ಸು ಪೂರ್ತಿ ತಿರುಗಿ ನಿಂತಿತು. ಬಿಳಿಯ ಬೆನ್ನು ರಸ್ತೆಗೆ, ಅವಳ ನಗುಮುಖ ಮತ್ತು ದಪ್ಪಕ್ಷರಗಳು ಬೆತ್ತದ ಕುರ್ಚಿಯ ಕಡೆಗೆ.

"ಉಲ್ಟಾ ಆಯ್ತು ಕಣಮ್ಮ. ರಸ್ತೆಗೆ ಕಾಣಬೇಕು."

"ರಸ್ತೆಯೋರು ಕೇಳಿದ್ರು ಅಪ್ಪಾ," ಎಂದಳು ಅವಳು. ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದಳು. "ನೀನು ಓದ್ಕೊ."